ಕಾದಂಬರಿಯ ಊರಿನಲ್ಲಿ ಬಾವಿ ಎಲ್ಲಿ?

ಸಮುದ್ರವನ್ನು ನಾನು ಕಂಡಿಲ್ಲ. ಆದರೂ ಒಂದು ಇಂಗ್ಲಿಷ್ ಕಾದಂಬರಿಯ ದೆಸೆಯಿಂದ ಒಂದು ಕಡಲೂರಿನ ಓಣಿಗಳೆಲ್ಲ ನನಗೆ ಗೊತ್ತು. ಅಲ್ಲಿ ಯಾವ ಮನೆಯ ಬಾಗಿಲು ಕಿರುಗುಟ್ಟುತ್ತದೆ, ಬಲೆಗಳನ್ನು ಯಾವ ಗೋಡೆಯ ಮೇಲೆ ಒಣಹಾಕುತ್ತಾರೆ, ಗಾಳಿ ತಿರುಗಿದಾಗ ಎಂಥ ವಾಸನೆ ಬರುತ್ತದೆ, ಕೇಳಿದರೆ ಹೇಳಬಲ್ಲೆ. ನಮ್ಮ ಕೊಪ್ಪದಲ್ಲಿ ಯಾರ ಗದ್ದೆ ಎಲ್ಲಿ ಮುಗಿಯುತ್ತದೆಂದು ಮಾತ್ರ ಕೇಳಬೇಡಿ. ಬಿ.ಎ. ಓದಿದ್ದರ ಫಲ ಅದು.

ಈ ಬೇಸಿಗೆಯಲ್ಲಿ ಆ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೇಳುತ್ತಿದ್ದಳು. ನಾಯಕಿ ಮದುವೆಯಾಗಿ ಬಂಡೆಯ ಮೇಲಿನ ಮನೆಗೆ ಬಂದಳು ಎಂದೊಡನೆ ಅಜ್ಜಿಯ ಕೈ ನಿಂತಿತು.

"ಕುಡಿಯೋ ನೀರು ಎಲ್ಲಿಂದ ತತ್ತಾಳೆ?"

"ಸುತ್ತ ಸಮುದ್ರವೇ ಅಜ್ಜಿ."

"ಅದು ಉಪ್ಪು ಅಂತ ನೀನೇ ಅಂದ್ಯಲ್ಲೇ! ಬಾವಿ ಎಲ್ಲೈತೆ?"

ಪುಸ್ತಕವನ್ನೆಲ್ಲ ತಿರುವಿಹಾಕಿದೆ. ಸೂರ್ಯಾಸ್ತಗಳು ಹನ್ನೊಂದು ಇದ್ದವು, ಬಾವಿ ಇರಲಿಲ್ಲ.

ಅದೇ ವಾರ ಅಪ್ಪ, ಚಿಕ್ಕಪ್ಪ ಮಳವಳ್ಳಿಗೆ ಹೋಗಿ, ನನ್ನನ್ನು ಕೇಳಿದ್ದ ಗಂಡಿನ ಮನೆ ನೋಡಿಕೊಂಡು ಬಂದರು. ನಮ್ಮಲ್ಲಿ ಮನೆ ನೋಡುವುದೆಂದರೆ ಗಂಡಸರು ಹೋಗಿ, ಕೊಟ್ಟಿಗೆಯಲ್ಲಿ ಎಷ್ಟು ದನ, ಹುಲ್ಲಿನ ಮೆದೆ ಎಷ್ಟೆತ್ತರ ಎಂದು ನೋಡಿ, ಉಂಡು ಬರುವುದು. ಚಿಕ್ಕಪ್ಪ ಆ ಮೆದೆಯನ್ನು ವರ್ಣಿಸಿದ ಬಗೆ ನನ್ನ ಕಾದಂಬರಿಕಾರನ ವರ್ಣನೆಗಿಂತ ಏನೂ ಕಡಿಮೆಯಿರಲಿಲ್ಲ.

"ಬಾವಿ ಎಲ್ಲೈತ್ಲಾ?" ಎಂದಳು ಅಜ್ಜಿ.

"ನೋಡ್ಲಿಲ್ಲ ಕಣವ್ವ" ಎಂದರು ಅಪ್ಪ.

ನಾನು ಸಾಮಾನ್ಯವಾಗಿ ಬಾಯಿ ಬಿಡುವವಳಲ್ಲ. ಅಂದು ಮಾತ್ರ, ಬಾವಿಯ ವಿಷಯ ತಿಳಿಯುವವರೆಗೆ ಒಪ್ಪಿಗೆ ಕೊಡುವುದಿಲ್ಲ ಎಂದುಬಿಟ್ಟೆ.

"ಇಂಗೆಲ್ಲ ಕೇಳುದ್ರೆ ಸಂಬಂಧ ತಪ್ಪೋಯ್ತದೆ, ಬುಡು" ಎಂದರು ಚಿಕ್ಕಪ್ಪ.

ಗಂಡು ಸ್ಕೂಲ್ ಮೇಷ್ಟರು; ಹೆಣ್ಣು ನೋಡಲು ಬಂದಿದ್ದಾಗ ಅವರನ್ನು ಬಾಗಿಲ ಸಂದಿಯಿಂದ ನಾನೂ ನೋಡಿದ್ದೆ. ತಪ್ಪಿಹೋದರೆ ನನಗೂ ಬೇಸರವೇ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಅಪ್ಪ ಕಾಗದ ಬರೆದರು.

ಹತ್ತು ದಿನದ ಮೇಲೆ ಮೇಷ್ಟರ ಕೈಬರಹದಲ್ಲೇ ಉತ್ತರ ಬಂತು: "ಖಾಲಿ ಕೊಡ ಹಿಡಿದು ಹೋದರೆ ನೂರ ಎಂಬತ್ತು ಹೆಜ್ಜೆ, ತುಂಬಿದ ಕೊಡ ಹೊತ್ತು ಬಂದರೆ ಇನ್ನೂರ ಮೂವತ್ತು. ಬೇವಿನಮರದ ಬಳಿ ಒಮ್ಮೆ ಇಳಿಸಿದೆ. ಬಾವಿಯ ಹತ್ತಿರವಿದ್ದ ಹೆಂಗಸರು ನಕ್ಕರು. ನೀರು ಸಿಹಿ."

ಆ ಕಡಲೂರು ಈಗಲೂ ನನಗೆ ಪ್ರಿಯವೇ. ಆದರೆ ಹನ್ನೊಂದು ಸೂರ್ಯಾಸ್ತಗಳನ್ನು ಓದಿದಾಗ ನನ್ನ ಸೊಂಟ ನೋಯಲಿಲ್ಲ. ಈ ಕಾಗದ ಓದುವಾಗ ನೋಯಿತು.

ಅಜ್ಜಿಗೂ ಓದಿ ಹೇಳಿದೆ.

"ದೂರ ಆಯ್ತು ಕಣಮ್ಮ" ಎಂದಳು.

"ತಾವೇ ಕೊಡ ಹೊತ್ತು ನೋಡಿದ್ದಾರೆ, ಅಜ್ಜಿ."

ಅಜ್ಜಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

"ಅಂಗಾದ್ರೆ ಓಗು."