ಎಡಗಡಿಗೆ ಬಿಸಿಗಾಳಿ

ಗಿರಾಕಿ ಕೇಳಿದಂಗ ಕಂಪ್ಯೂಟರ್ ಜೋಡಿಸಿ ಕೊಡೋದು ಸೊಲ್ಲಾಪುರದಾಗ ನನ್ನ ಧಂದೆ. ಎಲ್ಲಾರೂ ಕೇಳೋದು ಒಂದ: ಒಳಗ ತಂಪಿರಬೇಕು, ಫ್ಯಾನ್ ಬಣ್ಣಬಣ್ಣದ್ದಾಗಿ ಹೊಳೀಬೇಕು. ನಾ ವೈನಿ ಅಂತ ಕರಿಯೋ ಅಕ್ಕಲಕೋಟದ ಹೆಣ್ಣುಮಗಳೊಬ್ಬರು ಮಾತ್ರ ಬ್ಯಾರೆ ಕೇಳಿದರು. ಅವರು ಮನಿಯೊಳಗ ಕುಂತು ಸೀರಿ ಫೋಟೋ ತಿದ್ದಿ ಆನ್‌ಲೈನ್ ಮಾರತಾರ.

ಅವರ ಮನಿಗೆ ಹೋಗಿ, ತಂಪು ಗಾಳಿ ಮುಂದಿನಿಂದ ಒಳಗ, ಬಿಸಿಗಾಳಿ ಹಿಂದಿನಿಂದ ಹೊರಗ ಅಂತ ಬಾಣ ಬರದು ತೋರಿಸಿದೆ.

“ಬಿಸಿಗಾಳಿ ಎಡಗಡಿ ಬರಲಿ,” ಅಂದರು.

“ಎಡಗಡಿ ಗಾಜಿರತದರಿ, ಒಳಗಿನ ಲೈಟ್ ಕಾಣಾಕ.”

“ಗಾಜು ಬ್ಯಾಡ. ಆ ಕಡಿ ಫ್ಯಾನಿಗೆ ಲೈಟೂ ಬ್ಯಾಡ, ಮಲಗಿದಾಗ ಕಣ್ಣಿಗೆ ಬಡೀತದ.”

“ಅಲ್ಲಿ ಯಾರು ಮಲಗತಾರರಿ?”

“ನಮ್ಮ ಬೆಕ್ಕು. ಹಳೇ ಕಂಪ್ಯೂಟರಿನ ಬಿಸಿಗಾಳಿ ಎಡಕ್ಕ ಬರತಿತ್ತು. ಅಲ್ಲೇ ಮಲಗತಿತ್ತು.”

ಟೇಬಲ್ಲಿನ ಎಡಗಡಿ ಮಡಚಿದ ಚಾದರ ಇತ್ತು. ಬೆಕ್ಕು ಇರಲಿಲ್ಲ.

“ಈಗ ಎಲ್ಲಿ ಅದರಿ?”

“ದೀವಾಳಿ ಪಟಾಕಿಗೆ ಅಂಜಿ ಓಡಿಹೋದದ್ದು ಇನ್ನೂ ಬಂದಿಲ್ಲ,” ಅಂದು ಚಾದರ ಸರಿ ಮಾಡಿದರು. “ಬಂದಾಗ ಅದು ತನ್ನ ಜಾಗಾ ಹುಡುಕೋ ಹಂಗ ಆಗಬಾರದು ನೋಡ್ರಿ.”

ಅವರು ಹೇಳಿದಂಗ ಜೋಡಿಸಿ ಕೊಟ್ಟೆ. ಹೊರಡೋವಾಗ, “ಬೆಕ್ಕಿನ ಕೂದಲ ಸಿಕ್ಕೊಂಡು ಫ್ಯಾನ್ ನಿಂತರ ಫೋನ್ ಮಾಡ್ರಿ, ಪುಗಸಟ್ಟೆ ರಿಪೇರಿ ಮಾಡತೀನಿ,” ಅಂದೆ. ವೈನಿ ಆವತ್ತು ನಕ್ಕಿದ್ದು ಅದೊಂದ ಸಲ.

ಫೋನ್ ಇನ್ನೂ ಬಂದಿಲ್ಲ. ನಾ ಜೋಡಿಸಿದ ಮಷಿನ್ ಕೆಡಲಿ ಅಂತ ನಾನ ಕಾಯೋದು, ಈ ಧಂದೆಯೊಳಗ ಇದ ಮೊದಲು.