ದಡ ಮುಟ್ಟದ ಹರಿಗೋಲು

ರಿಪೇರಿಯಾದ ಫೋನನ್ನು ತಿರುಗಿಸಿ, ಅದರ ಬೆನ್ನನ್ನು ಎಡಗೆನ್ನೆಗೆ ಒತ್ತಿಕೊಂಡು, ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊದಲು ಹತ್ತು ನಿಮಿಷ ಯಾವುದಾದರೂ ಗೇಮ್ ಓಡಿಸಿ, ಆಮೇಲೆ ಹೀಗೆ ಕಾವು ನೋಡುವುದು ಅವರ ಪದ್ಧತಿ. ಕೈಯ ಬೆರಳುಗಳೆಲ್ಲ ಬೆಸುಗೆ ಹಾಕಿ ಹಾಕಿ ಜಡ್ಡುಗಟ್ಟಿದ್ದವು, ಹಾಗಾಗಿ ಕೆನ್ನೆಯನ್ನೇ ನಂಬುತ್ತಿದ್ದರು. “ಜ್ವರ ಇಲ್ಲ, ತಗೊಂಡ್ ಹೋಗ್ರಿ,” ಎಂದು ಗಿರಾಕಿಗೆ ಕೊಡುತ್ತಿದ್ದರು.

ತೆಲಂಗಾಣದ ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಫೋನ್ ರಿಪೇರಿ ಅಂಗಡಿ. ನಾನು ನಾರಾಯಣಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿ, ಸಂಜೆ ಬಸ್ಸಿಳಿದು ಅಲ್ಲೇ ಸ್ವಲ್ಪ ಹೊತ್ತು ಕೂತು ಮನೆಗೆ ಹೋಗುತ್ತಿದ್ದೆ. ಅವರದು ಗಿರಾಕಿಗಳ ಜೊತೆ ಹೆಚ್ಚಾಗಿ ತೆಲುಗು, ಪಕ್ಕದ ಟೇಲರ್ ಜೊತೆ ಉರ್ದು, ನನ್ನ ಜೊತೆ ಕನ್ನಡ. ನನ್ನನ್ನು ತಂಗಿ ಅನ್ನುತ್ತಿದ್ದರು, ನಾನು ಅಣ್ಣಾರ ಅನ್ನುತ್ತಿದ್ದೆ. ಪುಣೆ, ಮುಂಬೈಗೆ ದುಡಿಯಲು ಹೋಗಿ ಬಂದವರ ಒಡೆದ ಫೋನು, ನಾರ್ವ ಕಡೆಯ ಹೊಲಗಳಲ್ಲಿ ಕೆಸರು ಕುಡಿದ ಫೋನು, ಎಲ್ಲ ಅವರ ಮೇಜಿನ ಮೇಲೆ ಬಂದು ಮಲಗುತ್ತಿದ್ದವು. ನನ್ನ ಹೊಸ ಫೋನು ಕಂಡರೆ ಅವರಿಗೆ ನಗು. “ಇದು ಫೋನಲ್ಲ ತಂಗಿ, ದಾಗೀನ. ಇವು ನೋಡು ಫೋನು!”

ಅವರ ಊರು ಈಗ ಇಲ್ಲ. ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದೆ. ಅವರ ಅಪ್ಪ ಕೃಷ್ಣೆಯಲ್ಲಿ ಹರಿಗೋಲು ನಡೆಸುತ್ತಿದ್ದವರು. ಊರಿನ ಮಾತು ಬಂದರೆ ಸ್ಕ್ರೂಡ್ರೈವರ್ ಕೆಳಗಿಡುತ್ತಿದ್ದರು. ಅದನ್ನು ಕೇಳಿ ಕೇಳಿಯೇ ನನಗೆ ಗೇಮ್ ಮಾಡುವ ಆಸೆ ಹುಟ್ಟಿದ್ದು. ಈ ದಡದಲ್ಲಿ ಹರಿಗೋಲು ಹತ್ತಬೇಕು, ಹುಟ್ಟು ಹಾಕಿಕೊಂಡು ಆ ದಡ ಮುಟ್ಟಬೇಕು. ಅಲ್ಲಿ ಬೇವಿನ ಮರ, ಅದರ ಕಟ್ಟೆ, ಹನುಮಪ್ಪನ ಗುಡಿ, ಅವರ ಮನೆಯ ನೀಲಿ ಬಾಗಿಲು. ಇಷ್ಟೇ ಆಟ.

ಇಷ್ಟಕ್ಕೆ ನಾನು ಆರಿಸಿದ್ದು ಎಂಥ ಎಂಜಿನ್ನು! ದೊಡ್ಡ ದೊಡ್ಡ ಕಂಪನಿಗಳು ಯುದ್ಧದ ಗೇಮ್ ಕಟ್ಟಲು ಬಳಸುವಂಥ ಭಾರಿ ಸಾಫ್ಟ್‌ವೇರು. ಆದರೆ ಅದರಲ್ಲಿ ನೀರು ನಿಜವಾಗಿಯೂ ಹೊಳೆಯುತ್ತಿತ್ತು, ಬೇವಿನ ನೆರಳು ಅಲೆಯ ಮೇಲೆ ಮುರಿಯುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ ಅವರು ಕಣ್ಣೊರೆಸಿಕೊಂಡರು. “ನಮ್ಮವ್ವ ಕೂಡೋ ಕಟ್ಟಿ ಹಂಗಾ ಐತಲ್ಲ ತಂಗಿ!”

ಆಗಲೇ ಅವರ ಕಿಡ್ನಿ ಸೋತಿತ್ತು. ವಾರಕ್ಕೆರಡು ಸಲ ರಾಯಚೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಒಂದು ತೋಳಿಗೆ ಸೂಜಿ, ನಾಲ್ಕು ತಾಸು ಅಲುಗಾಡುವ ಹಾಗಿಲ್ಲ. “ಇನ್ನೊಂದು ಕೈ ಖಾಲಿ ಇರ್ತೈತಲ್ಲ, ಊರಿಗೆ ಹೋಗಿ ಬರ್ತೀನಿ,” ಎಂದು ಗೇಮನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಅದೋ ಯಾವ ಕಾಲದ್ದೋ ಫೋನು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಹರಿಗೋಲು ಹೊರಟಿತು, ತಡವರಿಸಿತು, ಹೊಳೆಯ ನಡುವೆ ನಿಂತೇಬಿಟ್ಟಿತು. ಫೋನು ಆರಿಹೋಯಿತು. ಅವರು ಕೆನ್ನೆಗಿಟ್ಟು ನೋಡಿ ಥಟ್ಟನೆ ತೆಗೆದರು.

“ನಡುನೀರಾಗ ಕೈಬಿಟ್ಟೆಲ್ಲವ್ವಾ!” ಎಂದು ನಕ್ಕರು.

ಮನೆಗೆ ಬಂದು ಗೇಮಿನಿಂದ ನೆರಳು ತೆಗೆದೆ, ಮರಗಳನ್ನು ಕಡಿದೆ, ಚಿತ್ರಗಳನ್ನು ಕುಗ್ಗಿಸಿದೆ. ಏನು ಮಾಡಿದರೂ ಆಟ ಶುರುವಾಗುವ ಮೊದಲೇ ಆ ಎಂಜಿನ್ನು ಅವರ ಫೋನಿನ ಮೆಮರಿಯನ್ನು ನುಂಗಿ ಕೂರುತ್ತಿತ್ತು. ಎಂಟು ತಿಂಗಳು ನಾನು ಎಲ್ಲವನ್ನೂ ಪರೀಕ್ಷಿಸಿದ್ದು ನನ್ನ ಫೋನಿನಲ್ಲೇ. ಅವರ ಮೇಜಿನ ಮೇಲೆ ರಾಶಿ ಫೋನು ಬಿದ್ದಿದ್ದರೂ ಒಂದರಲ್ಲೂ ಹಾಕಿ ನೋಡಿರಲಿಲ್ಲ.

“ಎಂಜಿನ್ನಾ ಬದ್ಲಿ ಮಾಡು ತಂಗಿ,” ಅಂದರು ಅವರು. “ಒಂದು ಕಪ್ ಚಾ ಕಾಸಾಕ ಮದುವಿ ಮನಿ ಒಲಿ ಹಚ್ಚೀದಿ. ಸಣ್ಣದು ಹಿಡಿ. ನೀರು ಹೊಳೀಲಿಲ್ಲಂದ್ರ ಅಡ್ಡಿ ಇಲ್ಲ. ನಾ ಊರು ಮುಟ್ಟಿದ್ರ ಸಾಕು.”

ನನಗೆ ರೇಗಿತು. ಎಂಜಿನ್ ಬದಲಿಸುವುದೆಂದರೆ ಮೊದಲಿಂದ ಎಲ್ಲ ಬರೆಯಬೇಕು. “ಎಂಟು ತಿಂಗಳ ಕೆಲಸರೀ ಅಣ್ಣಾರ! ನೀವಾ ಒಂದು ಛಲೋ ಫೋನ್ ತಗೋರಿ,” ಅಂದುಬಿಟ್ಟೆ. ಎಂಥ ಮಾತು! ಅವರು ತಮ್ಮ ಫೋನಿನ ಗಾಜನ್ನು ಅಂಗಿಯ ಅಂಚಿನಿಂದ ಒರೆಸಿದರು. “ಆಯ್ತು ಬಿಡವ್ವಾ. ನಿನಗ ಪುರಸೊತ್ತಾದಾಗ ಮಾಡೀಯಂತ.”

ನನಗೆ ಪುರಸೊತ್ತಾಗಲಿಲ್ಲ. ಗದ್ವಾಲದಲ್ಲಿ ಒಂದು ಪ್ರದರ್ಶನವಿತ್ತು, ದೊಡ್ಡ ಪರದೆಯ ಮೇಲೆ ನನ್ನ ಹೊಳೆ ತೋರಿಸಿದೆ. ನೀರು ನೋಡಿ ಜನ ಚಪ್ಪಾಳೆ ತಟ್ಟಿದರು. ಹಿಗ್ಗಿನಿಂದ ಅದರ ವಿಡಿಯೋ ಅವರಿಗೆ ಕಳಿಸಿದೆ. ವಾಯ್ಸ್ ಮೆಸೇಜಿನಲ್ಲಿ ಉತ್ತರ ಬಂತು, ದನಿ ಸಣ್ಣಗಾಗಿತ್ತು. “ಭಾಳ ಚೆಂದ ಐತಿ ತಂಗಿ. ನನ್ನ ಫೋನಿನಾಗ ಇನ್ನೂ ನಡುವಾ ನಿಲ್ತೈತಿ ನೋಡು.”

ಒಂದು ಮಂಗಳವಾರ ಬೆಳಿಗ್ಗೆ, ಚಹಾ ಬೇಕೆಂದು ಕೇಳಿ, ಅದು ಬರುವಷ್ಟರಲ್ಲಿ ಹೋಗಿಬಿಟ್ಟರು.

ಅವರ ತಿಥಿಕರ್ಮಗಳೆಲ್ಲ ಮುಗಿದ ಮೇಲೆ ನಾನು ಒಂದು ಸಣ್ಣ ಎಂಜಿನ್ನು ಹಿಡಿದು ಕೂತೆ. ಇದರಲ್ಲಿ ನೀರೆಂದರೆ ಮೂರು ನೀಲಿ ಪಟ್ಟಿ. ಬೇವಿನ ಮರ ಮಕ್ಕಳು ಬರೆದ ಹಾಗೆ. ಮುಗಿಸಿ ಅವರ ಮನೆಗೆ ಒಯ್ದೆ. ಅತ್ತಿಗೆ ಗಂಡನ ಫೋನನ್ನು ದಿನಾ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು. ಆ ಊರಿಗೆ ಅವರೂ ಸೊಸೆಯಾಗಿ ಹರಿಗೋಲಿನಲ್ಲೇ ಹೋಗಿದ್ದವರು. ಹೆಬ್ಬೆರಳಿನಿಂದ ಹುಟ್ಟು ಹಾಕಿದರು. ಹರಿಗೋಲು ಒಂದು ಸಲವೂ ತಡವರಿಸಲಿಲ್ಲ. ಹೊಳೆ ದಾಟಿತು, ಗುಡಿ ಬಂತು, ನೀಲಿ ಬಾಗಿಲು ಬಂತು. ಅತ್ತಿಗೆ ಅಲ್ಲೇ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ತಿರುಗಿಸಿ, ಗಂಡನ ಹಾಗೆಯೇ ಕೆನ್ನೆಗೆ ಒತ್ತಿಕೊಂಡರು.

“ಜ್ವರ ಇಲ್ಲ ನೋಡವ್ವಾ,” ಎಂದು ಅತ್ತರು.

ನನಗೆ ಅಳುವುದಕ್ಕೂ ಮುಖವಿರಲಿಲ್ಲ. ಎಂಜಿನ್ ಬದಲಿಸಲು ನನಗೆ ಹಿಡಿದದ್ದು ಐದು ವಾರ. ಬದಲಿಸು ಎಂದು ಕೇಳಿದ ಮೇಲೆ ಅವರು ಐದು ತಿಂಗಳು ಬದುಕಿದ್ದರು.