ಅಡಕಲಿನ ಐದು ಗಡಿಗೆ

ಹಳೆಯ ಸೀರೆಯ ಗಂಟು ಬಿಚ್ಚಿದೊಡನೆ ಬೆಲ್ಲದ ವಾಸನೆ ಬಂತು. ಗಡಿಗೆ ಖಾಲಿಯಿತ್ತು, ಅದರಲ್ಲಿ ಬೆಲ್ಲ ಇಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಮಣ್ಣು ಮರೆತಿರಲಿಲ್ಲ. ಮಧುಗಿರಿಯ ಈ ಹೊಸ ಮನೆಗೆ ನಾನು, ಚಿಕ್ಕಮ್ಮ ಬಂದು ನಾಲ್ಕು ದಿನವಾಗಿತ್ತು. ನಡುಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಒಳಗೇನಿದೆಯೆಂದು ಮೇಲೆ ಬರೆದವಳೂ ನಾನೇ, ಈಗ ನನ್ನ ಅಕ್ಷರವನ್ನು ನಾನೇ ಓದಲಾಗದೆ ಪೇಚಾಡುತ್ತಿದ್ದವಳೂ ನಾನೇ. ಕತ್ತರಿ ಕೆಳಗಿಟ್ಟು, ಗಡಿಗೆಯ ಬಾಯಿಗೆ ಮೂಗು ಹಿಡಿದು ಕೂತುಬಿಟ್ಟೆ.

ಪುರವರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಒಲೆಯ ಎಡಗಡೆ ಅಜ್ಜಿಯ ಅಡಕಲು. ಹುಲ್ಲಿನ ಸಿಂಬೆಯ ಮೇಲೆ, ಒಂದರ ಮೇಲೊಂದು ಕೂರಿಸಿದ ಐದು ಗಡಿಗೆಗಳು: ತಳದಲ್ಲಿ ಹುರಳಿ, ಅದರ ಮೇಲೆ ಅವರೆ, ಆಮೇಲೆ ಹುಣಸೆಹಣ್ಣು, ಬೆಲ್ಲ, ತುದಿಯಲ್ಲಿ ಉಪ್ಪು. ನಿಮ್ಮ ಮನೆಯಲ್ಲೂ ಅಂಥದೊಂದು ಮೂಲೆ ಇದ್ದಿರಬೇಕು. ಅಜ್ಜಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಸಾರು ಕುದಿಯುವಾಗ ಕೈ ತಾನಾಗಿ ಹೋಗಿ ಉಪ್ಪು ಹಿಡಿದು ಬರುತ್ತಿತ್ತು. ಚಿಕ್ಕಪ್ಪನ ಮದುವೆಯಾಗಿ ಚಿಕ್ಕಮ್ಮ ಬಂದ ವರ್ಷ ನನಗೆ ಏಳೋ ಎಂಟೋ ವಯಸ್ಸು. ಒಂದು ಮಧ್ಯಾಹ್ನ ಮೇಲಿನ ಎರಡೂ ಗಡಿಗೆಗಳನ್ನು ಇಳಿಸಿಕೊಂಡು ಬೆಲ್ಲ ಕದ್ದೆ. ಹಿತ್ತಲಲ್ಲಿ ಅಜ್ಜಿ ಕೆಮ್ಮಿದ್ದು ಕೇಳಿಸಿತು. ಗಾಬರಿಯಲ್ಲಿ ಉಪ್ಪನ್ನು ಕೆಳಗೆ, ಬೆಲ್ಲವನ್ನು ಮೇಲೆ ಇಟ್ಟು ಓಡಿದೆ. ಸಂಜೆ ಉಪ್ಪಿಗೆಂದು ಕೈ ಹಾಕಿದ ಅಜ್ಜಿಯ ಬೆರಳಿಗೆ ಬೆಲ್ಲ ಅಂಟಿತು.

"ಯಾರೇ ಅಡಕಲು ಮುಟ್ಟಿದೋಳು?" ಅಜ್ಜಿ ಗುಡುಗಿದಳು.

"ನಾನೇ ಕಣತ್ತೆ. ಕತ್ಲಲ್ಲಿ ಗೊತ್ತಾಗ್ನಿಲ್ಲ," ಎಂದಳು ಚಿಕ್ಕಮ್ಮ.

ಒಂದು ತಿಂಗಳು ಅಜ್ಜಿ ಅವಳನ್ನು ಆ ಮೂಲೆಯ ಹತ್ತಿರ ಬಿಡಲಿಲ್ಲ. ಹೊಸ ಸೊಸೆ, ತಾನೇ ತಪ್ಪಾಗಿ ಇಟ್ಟೆನೆಂದು ತಿಳಿದಿರಬೇಕು ಎಂದುಕೊಂಡು ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಅದು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಅಜ್ಜಿ ಹೋದಳು, ಚಿಕ್ಕಪ್ಪ ಹೋದ, ಕಳೆದ ಮಳೆಗಾಲದಲ್ಲಿ ಅಡುಗೆಕೋಣೆಯ ಗೋಡೆಯೂ ಕುಸಿಯಿತು. ಅಡಕಲಿನಲ್ಲಿ ಉಳಿದದ್ದು ಬೆಲ್ಲದ ಗಡಿಗೆ ಒಂದೇ. ಚಿಕ್ಕಮ್ಮನ ಕಣ್ಣು ಈಗ ಬೆಳಕು, ನೆರಳು ಇಷ್ಟನ್ನೇ ಹೇಳುತ್ತದೆ. ಪುರವರದಲ್ಲಿ ಅವಳ ಕೈಗೇ ಎಲ್ಲ ಗೊತ್ತಿತ್ತು. ಇಲ್ಲಿ ನಾನು ಡಬ್ಬಿಗಳಿಗೆ ಚೆಂದದ ಚೀಟಿ ಅಂಟಿಸಿ ಕಪಾಟಿನಲ್ಲಿ ಜೋಡಿಸಿದ್ದೆ. ಓದಬೇಕಾದವಳು ಯಾರೆಂಬ ಬುದ್ಧಿ ಇರಲಿಲ್ಲ. ನಾನು ಗಂಟು ಬಿಚ್ಚಿದ ಆ ದಿನವೇ ಬೆಳಗ್ಗೆ ತಡಕಾಡಿ ಖಾರದ ಪುಡಿಯ ಡಬ್ಬಿ ಬೀಳಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದಳು: "ಇಲ್ಲಿ ನನ್ ಕೈಗೆ ಏನೂ ಸಿಗಾಕಿಲ್ಲ ಕಣಮ್ಮ. ಕೂತ್ಕಂಡ್ ತಿನ್ನಕೆ ನಾನ್ಯಾಕಿಲ್ಲಿ? ಮದಲೂರಿಗೆ, ನಮ್ಮಣ್ಣನ ಮನೆಗೆ ಬುಟ್ಬುಡು."

ಅವಳಿಲ್ಲದ ಮನೆ ನನಗೆ ಬೇಕಿರಲಿಲ್ಲ. ಗಡಿಗೆ ಹಿಡಿದುಕೊಂಡೇ ಎದ್ದೆ. ಕಪಾಟು ಖಾಲಿ ಮಾಡಿ, ಸ್ಟೌವಿನ ಎಡಗಡೆ ಸ್ಟೀಲಿನ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟೆ. ಹುರಳಿ, ಅವರೆ, ಹುಣಸೆಹಣ್ಣು. ಅದರ ಮೇಲೆ ಆ ಗಡಿಗೆ, ತುದಿಯಲ್ಲಿ ಉಪ್ಪು. ಚಿಕ್ಕಮ್ಮನ ಕೈ ಹಿಡಿದು ತಂದು ಮುಟ್ಟಿಸಿದೆ.

ಅವಳು ತಳದಿಂದ ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಡಿದಳು, ಥೇಟ್ ಅಜ್ಜಿಯ ಹಾಗೆ. ಮಣ್ಣು ತಾಕಿದಲ್ಲಿ ಕೈ ನಿಂತಿತು. ಆಮೇಲೆ ಉಪ್ಪಿನ ಡಬ್ಬಿ ಇಳಿಸಿ, ಗಡಿಗೆ ಎತ್ತಿ, ಉಪ್ಪನ್ನು ಕೆಳಗೆ, ಗಡಿಗೆಯನ್ನು ಮೇಲೆ ಇಟ್ಟಳು.

"ಉಪ್ಪು ಮೇಲಿರಬೇಕಲ್ವಾ ಚಿಕ್ಕಮ್ಮ?"

"ಇರ್ಲಿ ಬುಡು. ಅವತ್ತು ನೀನಿಕ್ಕಿದ್ದಂಗೇ ಇರ್ಲಿ. ಯಾರೇ ಮುಟ್ಟಿದೋಳು ಅಂತ ಕೇಳಕೆ ಈಗ ನಮ್ಮತ್ತೆ ಎಲ್ಲವ್ಳೆ?"

ನನಗೆ ಅಳುವೂ ಬಂತು, ನಗುವೂ ಬಂತು. ಅವಳು ಆಗಲೇ ಗಡಿಗೆಯೊಳಗೆ ಕೈಯಾಡಿಸುತ್ತಿದ್ದಳು. "ಬರೀ ಗಡಿಗೆ ಇಕ್ಕಿದ್ದೀಯಲ್ಲೇ! ಹೋಗಿ ಒಂದಚ್ಚು ಬೆಲ್ಲ ತಕಂಬಾ, ಟೀ ಕಾಯಿಸ್ತೀನಿ."

ಅಂಗಡಿಯಲ್ಲಿ ನಾನು ಒಂದಚ್ಚು ಕೇಳಲಿಲ್ಲ. ಗಡಿಗೆ ತುಂಬುವಷ್ಟು ಕೊಡಿ ಎಂದೆ.